ಇದು ಗೊತ್ತಾದರೆ ಅದು ಗೊತ್ತಾಗುತ್ತದೆಯೇ?

ಬೆಂಗಳೂರಿನ ಆಟೊ ಮೀಟರಿನಿಂದ ಶುರು ಮಾಡೋಣ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದ ಪ್ರಕಾರ ಮೊದಲ 2 ಕಿಲೋಮೀಟರಿಗೆ ಕನಿಷ್ಠ ಬಾಡಿಗೆ 36 ರೂಪಾಯಿ, ಆಮೇಲಿನ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಮೆಜೆಸ್ಟಿಕ್‌ನಲ್ಲಿ ಹತ್ತಿ 5 ಕಿಲೋಮೀಟರ್ ಹೋಗಿ ಇಳಿದರೆ ಎಷ್ಟು ಕೊಡಬೇಕು? ಮೊದಲ ಎರಡಕ್ಕೆ 36, ಉಳಿದ ಮೂರಕ್ಕೆ 54, ಒಟ್ಟು 90. ಏಳು ಕಿಲೋಮೀಟರ್ ಆದರೆ 126. ದೂರ ಇಷ್ಟು ಎಂದು ಹೇಳಿದರೆ ಸಾಕು, ಬಾಡಿಗೆ ಇಷ್ಟು ಎಂದು ಹೇಳಬಹುದು. ಅದಕ್ಕೆ ಎರಡು ಉತ್ತರ ಇರುವುದಿಲ್ಲ.

ಒಂದು ಸಂಗತಿ ಗೊತ್ತಾದರೆ ಇನ್ನೊಂದು ಸಂಗತಿ ಎರಡನೇ ಮಾತಿಲ್ಲದೆ ತೀರ್ಮಾನವಾಗುವ ಇಂಥ ಸಂಬಂಧಕ್ಕೆ ಗಣಿತದಲ್ಲಿ ಫಲನ ಎನ್ನುತ್ತಾರೆ. ತರಗತಿಗಳಲ್ಲಿ ಫಂಕ್ಷನ್ ಎಂಬ ಮಾತೇ ಹೆಚ್ಚು ಬಳಕೆ. ಯಾವುದನ್ನು ಬಳಸಿದರೂ ನಡೆಯುತ್ತದೆ. ಪಿಯುಸಿ ಪುಸ್ತಕ ಇದನ್ನು ಗಣ, ಕ್ರಮಯುಗ್ಮ, ಸಂಬಂಧ ಎಂಬ ದಾರಿಯಲ್ಲಿ ಪರಿಚಯಿಸುತ್ತದೆ. ಆ ದಾರಿ ಸರಿಯಾದದ್ದೇ, ಆದರೆ ಮೊದಲ ದಿನವೇ ಅಲ್ಲಿಂದ ಹೊರಟವರಿಗೆ ಇದು ಯಾತಕ್ಕೆ ಬೇಕು ಎಂಬುದು ವರ್ಷದ ಕೊನೆಯವರೆಗೂ ತಿಳಿಯುವುದಿಲ್ಲ. ಫಲನವನ್ನು ದಿನವೂ ಬಳಸುವ ಮಕ್ಕಳು ಅದರ ಹೆಸರು ಕೇಳಿ ಹೆದರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಈ ಲೇಖನ.

ಬರೆಯುವ ಕ್ರಮ ನೋಡೋಣ. ದೂರವನ್ನು 'ದೂ' ಎಂದೂ ದೂರದಿಂದ ಬಾಡಿಗೆ ಕಂಡುಕೊಳ್ಳುವ ನಿಯಮವನ್ನು 'ಬಾ' ಎಂದೂ ಕರೆಯೋಣ. ಆಗ ಐದು ಕಿಲೋಮೀಟರಿನ ಬಾಡಿಗೆಯನ್ನು ಬಾ(5) ಎಂದು ಬರೆಯುತ್ತೇವೆ. ಬಾ(5) = 90, ಬಾ(7) = 126. ಪುಸ್ತಕದಲ್ಲಿ ನೀವು ಕಾಣುವ ಎಫ್(ಎಕ್ಸ್) ಎನ್ನುವುದೂ ಈ ಬಾ(ದೂ) ಥರದ್ದೇ. ಎಫ್ ಎಂಬುದು ನಿಯಮದ ಹೆಸರು, ಆವರಣದೊಳಗಿನ ಎಕ್ಸ್ ಆ ನಿಯಮಕ್ಕೆ ನಾವು ಕೊಡುವ ಸಂಖ್ಯೆ. ಹೊಸಬರಲ್ಲಿ ಬಹಳ ಮಂದಿ ಇದನ್ನು ಎಫ್ ಗುಣಿಸು ಎಕ್ಸ್ ಎಂದು ಓದಿಕೊಳ್ಳುತ್ತಾರೆ. ಬೀಜಗಣಿತದಲ್ಲಿ ಆವರಣದ ಪಕ್ಕ ಅಕ್ಷರ ಬಂದರೆ ಗುಣಾಕಾರ ಎಂದು ಎರಡು ಮೂರು ವರ್ಷ ಕಲಿತವರು ಹಾಗೆ ಓದುವುದು ಸಹಜ. ಇಲ್ಲಿ ಗುಣಾಕಾರವಿಲ್ಲ. ಸ್ವಿಸ್ ಗಣಿತಜ್ಞ ಆಯ್ಲರ್ 1734ರ ಹೊತ್ತಿಗೆ ಈ ಬರವಣಿಗೆಯನ್ನು ಬಳಕೆಗೆ ತಂದ; ಮುನ್ನೂರು ವರ್ಷದ ಹತ್ತಿರ ಬಂದರೂ ಅದು ಬದಲಾಗದೆ ಉಳಿದಿದೆ.

ಈಗ ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಈ ಬಾಡಿಗೆಯ ನಕ್ಷೆ ಎಳೆಯಿರಿ. ಅಡ್ಡಗೆರೆಯ ಮೇಲೆ ದೂರ, ನಿಂತ ಗೆರೆಯ ಮೇಲೆ ರೂಪಾಯಿ. ಎರಡು ಕಿಲೋಮೀಟರಿನವರೆಗೆ ಗೆರೆ 36ರ ಎತ್ತರದಲ್ಲಿ ಸಮತಟ್ಟಾಗಿ ಹೋಗುತ್ತದೆ. ಅಲ್ಲಿಂದಾಚೆ ಕಿಲೋಮೀಟರಿಗೆ 18ರಂತೆ ನೇರವಾಗಿ ಏರುತ್ತದೆ. (ನಿಜವಾದ ಮೀಟರ್ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಏರುತ್ತದೆ, ಕಾಯಿಸಿದ್ದಕ್ಕೆ ಬೇರೆ ಲೆಕ್ಕ ಇದೆ, ಅವನ್ನು ಸದ್ಯಕ್ಕೆ ಬದಿಗಿಡೋಣ.) ಆ ಏರುವ ಗೆರೆಯನ್ನು ಅಳತೆಪಟ್ಟಿ ಇಟ್ಟು ಹಿಂದಕ್ಕೆ ಎಳೆದು ನೋಡಿ. ಅದು ಸರಿಯಾಗಿ ಸೊನ್ನೆಗೆ ಬಂದು ಮುಟ್ಟುತ್ತದೆ. ಕಾರಣ ಸರಳ: 36 ಎಂದರೆ 18ರ ಎರಡರಷ್ಟು. ಹಾಗಾದರೆ ಎರಡು ಕಿಲೋಮೀಟರ್ ದಾಟಿದವರ ಮಟ್ಟಿಗೆ ಕನಿಷ್ಠ ಬಾಡಿಗೆ ಎಂಬುದು ಇಲ್ಲವೇ ಇಲ್ಲ. ಅವರು ಹೋದ ಒಟ್ಟು ದೂರಕ್ಕೆ 18ರಂತೆಯೇ ಕೊಡುತ್ತಾರೆ. ಐದು ಕಿಲೋಮೀಟರಿಗೆ 90 ಬಂದದ್ದು ಹಾಗೆ. ಹತ್ತಿರಕ್ಕೆ ಹೋಗುವವರು ಮಾತ್ರ ಹೆಚ್ಚು ತೆರುತ್ತಾರೆ. 2021ರ ಡಿಸೆಂಬರಿನ ದರವೂ, ಮೊದಲೆರಡಕ್ಕೆ 30 ಮತ್ತು ಆಮೇಲೆ 15, ಇದೇ ಅಚ್ಚಿನದು. ದರಪಟ್ಟಿ ಓದಿದಾಗ ಕಣ್ಣಿಗೆ ಬೀಳದ ಈ ಸಂಗತಿ ನಕ್ಷೆ ಎಳೆದ ಕೂಡಲೇ ಎದ್ದು ಕಾಣುತ್ತದೆ.

ಈ ಫಲನಕ್ಕೆ ಎಂಥ ಸಂಖ್ಯೆಗಳನ್ನು ಕೊಡಬಹುದು? ಮೈನಸ್ ಮೂರು ಕಿಲೋಮೀಟರ್ ಹೋಗಲು ಆಗುವುದಿಲ್ಲ. ಹೀಗೆ ಯಾವ ಸಂಖ್ಯೆಗಳಿಗೆ ನಿಯಮ ಅನ್ವಯಿಸುತ್ತದೋ ಅವುಗಳ ಗುಂಪೇ ಫಲನದ ಕ್ಷೇತ್ರ. ಇಷ್ಟೇ ಅದರ ಅರ್ಥ, ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ.

ನಿಲ್ಲಬೇಕಾದ ಜಾಗ ಬೇರೆ ಇದೆ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಆಟೊ ಬಾಡಿಗೆ ಒಂದೂವರೆ ಪಟ್ಟು. ಅಂದರೆ ಅದೇ ಐದು ಕಿಲೋಮೀಟರಿಗೆ ಹಗಲು 90, ನಡುರಾತ್ರಿ 135. ಒಂದೇ ದೂರಕ್ಕೆ ಎರಡು ಬಾಡಿಗೆ ಬಂದ ಮೇಲೆ ಬಾಡಿಗೆಯು ದೂರದ ಫಲನ ಎಂದು ಹೇಳುವಂತಿಲ್ಲ. ದೂರ ಮತ್ತು ಹೊತ್ತು ಎರಡೂ ಸೇರಿದರೆ ಮಾತ್ರ ಬಾಡಿಗೆ ತೀರ್ಮಾನವಾಗುತ್ತದೆ. ಹಳ್ಳಿಯ ಡೇರಿಗೆ ಹಾಲು ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಅಕ್ಕಪಕ್ಕದ ಇಬ್ಬರು ಐದೈದು ಲೀಟರ್ ಹಾಕಿದರೂ ಚೀಟಿಯಲ್ಲಿ ಬರುವ ಹಣ ಒಂದೇ ಆಗಿರುವುದಿಲ್ಲ, ಏಕೆಂದರೆ ಅಲ್ಲಿ ಲೀಟರಿನ ಜೊತೆಗೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಕೂಡ ಲೆಕ್ಕಕ್ಕೆ ಬರುತ್ತವೆ. ನನಗೇಕೆ ಕಡಿಮೆ ಬಂತು ಎಂಬ ಪ್ರಶ್ನೆಯನ್ನು ಗಣಿತದ ಮಾತಿನಲ್ಲಿ ಹೀಗೆ ಕೇಳಬಹುದು: ಈ ಹಣ ಯಾವ ಯಾವುದರ ಫಲನ? ಇದೊಂದು ಪ್ರಶ್ನೆ ಕೇಳಲು ಕಲಿತರೆ ಫಲನದ ಪಾಠದ ಅರ್ಧ ಮುಗಿದಂತೆ ಎಂದು ನಾನು ತಿಳಿದಿದ್ದೇನೆ. ವಯಸ್ಸು ಹೇಳಿದರೆ ಎತ್ತರ ಹೇಳಬಹುದೇ? ಇಡೀ ತರಗತಿಯ ಮಕ್ಕಳ ವಿಷಯವಾದರೆ ಆಗುವುದಿಲ್ಲ, ಹದಿನಾಲ್ಕು ವರ್ಷದವರಲ್ಲಿ ಗಿಡ್ಡರೂ ಉದ್ದದವರೂ ಇದ್ದಾರೆ. ಒಂದೇ ಮಗುವಿನ ವಿಷಯವಾದರೆ ಆಗುತ್ತದೆ, ಇಷ್ಟನೇ ಹುಟ್ಟುಹಬ್ಬದ ದಿನ ಆ ಮಗುವಿನ ಎತ್ತರ ಇಷ್ಟೇ.

ಇಲ್ಲಿಯವರೆಗೆ ಬಂದ ಆಟೊ ಬಾಡಿಗೆಗೆ ಒಂದು ಸೂತ್ರವಿತ್ತು. ಫಲನ ಎಂದರೆ ಸೂತ್ರ ಎಂದೇ ಬಹಳ ಮಂದಿ ಭಾವಿಸಿದ್ದಾರೆ. ಆಯ್ಲರ್ ಕೂಡ 1748ರ ತನ್ನ ಪುಸ್ತಕದಲ್ಲಿ ಹೆಚ್ಚು ಕಡಿಮೆ ಹಾಗೆಯೇ ಹೇಳಿದ್ದ. ಜರ್ಮನಿಯ ಡಿರಿಕ್ಲೆ 1837ರಲ್ಲಿ ಆ ಕಟ್ಟನ್ನು ಬಿಡಿಸಿದ: ಒಂದಕ್ಕೆ ಪ್ರತಿಯಾಗಿ ಒಂದು ಖಚಿತ ಬೆಲೆ ಸಿಕ್ಕರೆ ಸಾಕು, ಅದನ್ನು ಹೇಳುವ ಸೂತ್ರ ಇರಲೇಬೇಕೆಂದಿಲ್ಲ. ಈ ಮಾತಿನ ತೂಕ ತಿಳಿಯಬೇಕಾದರೆ ಮಳೆಗಾಲದ ಪತ್ರಿಕೆ ತೆರೆಯಿರಿ. ಕೃಷ್ಣರಾಜ ಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಸಂಗ್ರಹ ಇಷ್ಟು ಟಿಎಂಸಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್ ಎಂದು ದಿನವೂ ಒಂದು ಚಿಕ್ಕ ಚೌಕಟ್ಟು ಅಚ್ಚಾಗುತ್ತದೆ. ಮಂಡ್ಯದ ರೈತರು ಮುಖಪುಟಕ್ಕಿಂತ ಮೊದಲು ಅದನ್ನು ನೋಡುತ್ತಾರೆ.

ಮಟ್ಟ ಗೊತ್ತಾದರೆ ಸಂಗ್ರಹ ಗೊತ್ತಾಗುತ್ತದೆ. ಹಾಗಾಗಿ ಸಂಗ್ರಹವು ಮಟ್ಟದ ಫಲನ. ಆದರೆ ಇದಕ್ಕೆ ಆಟೊ ಬಾಡಿಗೆಯಂಥ ಸೂತ್ರ ಇಲ್ಲ. ಜಲಾಶಯದ ತಳ ಗುಡ್ಡ, ಹಳ್ಳ, ದಿಣ್ಣೆಗಳ ನೆಲ. ಎಂಜಿನಿಯರುಗಳು ಆ ನೆಲವನ್ನು ಅಳೆದು, ಇಷ್ಟು ಅಡಿಗೆ ಇಷ್ಟು ನೀರು ಎಂಬ ಉದ್ದನೆಯ ಕೋಷ್ಟಕ ಮಾಡಿಟ್ಟಿರುತ್ತಾರೆ. ಆ ಕೋಷ್ಟಕವೇ ಫಲನ. ತುಂಬಿದಾಗ, ಅಂದರೆ 124.80 ಅಡಿಗೆ, ಸಂಗ್ರಹ 49.45 ಟಿಎಂಸಿ. ಹಾಗಾದರೆ 100 ಅಡಿ ಇದ್ದಾಗ ಎಷ್ಟಿರಬಹುದು? ತ್ರೈರಾಶಿಕ ಹಾಕಿದರೆ 39.6 ಟಿಎಂಸಿ ಎಂಬ ಉತ್ತರ ಬರುತ್ತದೆ. ಈ ಉತ್ತರ ತಪ್ಪು, ಅದೂ ದೊಡ್ಡ ತಪ್ಪು. ನೂರಡಿಯಲ್ಲಿ ಇರುವುದು ಒಟ್ಟು ಸಾಮರ್ಥ್ಯದ ಅರ್ಧಕ್ಕಿಂತಲೂ ಕಡಿಮೆ ನೀರು. ಕಣಿವೆ ಕೆಳಗೆ ಇಕ್ಕಟ್ಟು, ಮೇಲೆ ಹೋದಂತೆ ಅಗಲ; ಕೆಳಗಿನ ನೂರಡಿಯಲ್ಲಿ ಸರಾಸರಿ ಅಡಿಗೆ ಕಾಲು ಟಿಎಂಸಿಯೂ ಇಲ್ಲ, ಮೇಲಿನ 24.80 ಅಡಿಯಲ್ಲಿ ಸರಾಸರಿ ಅಡಿಗೆ ಒಂದು ಟಿಎಂಸಿ ಮೀರುತ್ತದೆ. ನೂರಡಿ ಬಂತಲ್ಲ, ಇನ್ನು ಇಪ್ಪತ್ತನಾಲ್ಕೇ ಅಡಿ ಬಾಕಿ ಎಂದು ಸಮಾಧಾನ ಪಟ್ಟುಕೊಳ್ಳುವವರು ನಕ್ಷೆಯ ಈ ಬಾಗನ್ನು ಗಮನಿಸಬೇಕು. ಬಾಕಿ ಇರುವುದು ಅರ್ಧಕ್ಕಿಂತ ಹೆಚ್ಚು ಜಲಾಶಯ. ಮುಂದೆ ಹೂಳು ತುಂಬಿದರೆ ನೆಲದ ಆಕಾರವೇ ಬದಲಾಗುತ್ತದೆ, ಆಗ ಮತ್ತೆ ಸರ್ವೆ ಮಾಡಿ ಹೊಸ ಕೋಷ್ಟಕ ಬರೆಯಬೇಕು. ಅಂದರೆ ಫಲನವೇ ಹೊಸದಾಗುತ್ತದೆ.

ಕೋಷ್ಟಕದ ರೂಪದಲ್ಲಿ ಫಲನವನ್ನು ಕೊಡುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಆರ್ಯಭಟ ಕ್ರಿ.ಶ. 499ರ ತನ್ನ ಆರ್ಯಭಟೀಯದಲ್ಲಿ ಜ್ಯಾ ಕೋಷ್ಟಕವನ್ನು ಇಟ್ಟಿದ್ದಾನೆ. ಇಂದು ನಾವು ಸೈನ್ ಎನ್ನುವ ಫಲನವೇ ಅದು. ಕೋನವನ್ನು ಮೂರೂಮುಕ್ಕಾಲು ಡಿಗ್ರಿಯಂತೆ ಏರಿಸುತ್ತ ಹೋದರೆ ಜ್ಯಾ ಪ್ರತಿ ಸಲ ಎಷ್ಟೆಷ್ಟು ಹೆಚ್ಚುತ್ತದೆ ಎಂಬ 24 ಸಂಖ್ಯೆಗಳು ಅಲ್ಲಿವೆ: 225, 224, 222, 219, 215, 210, 205, 199 ಎಂದು ಶುರುವಾಗಿ ಇಳಿಯುತ್ತ ಇಳಿಯುತ್ತ ಕೊನೆಗೆ 22, 7. ಮೊದಲ ಎಂಟನ್ನು ಕೂಡಿಸಿ ನೋಡಿ, 1719 ಬರುತ್ತದೆ. ಎಂಟು ಮೂರೂಮುಕ್ಕಾಲು ಎಂದರೆ 30 ಡಿಗ್ರಿ. ಆರ್ಯಭಟ ಹಿಡಿದ ತ್ರಿಜ್ಯ 3438, ಅದರ ಸರಿಯಾದ ಅರ್ಧವೇ 1719. ಹತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡುವ ಸೈನ್ 30 ಡಿಗ್ರಿ ಅರ್ಧ ಎಂಬ ಮಾತು ಸಾವಿರದ ಐನೂರು ವರ್ಷ ಹಿಂದಿನ ಆ ಸಾಲಿನಲ್ಲಿ ಹೀಗೆ ಕೂತಿದೆ. ಈ ಕೂಡಿಕೆಯನ್ನು ಮಕ್ಕಳ ಕೈಯಲ್ಲೇ ಮಾಡಿಸಬೇಕು ಎಂಬುದು ನನ್ನ ಆಸೆ. ಎರಡು ನಿಮಿಷದ ಕೆಲಸ. ಹೆಚ್ಚಳಗಳು 225ರಿಂದ 7ಕ್ಕೆ ಇಳಿಯುವುದನ್ನು ಕಂಡರೆ, ಮೊದಲು ಕಡಿದಾಗಿ ಏರಿ ಆಮೇಲೆ ನಿಧಾನವಾಗುವ ನಕ್ಷೆ ತಾನಾಗಿ ಕಣ್ಣಮುಂದೆ ಬರುತ್ತದೆ.

ಜಲಾಶಯ ಇನ್ನೊಂದು ಪಾಠವನ್ನೂ ಹೇಳಿಕೊಡುತ್ತದೆ. ಒಂದು ದಿನಾಂಕ ಹೇಳಿದರೆ ಆ ಬೆಳಗಿನ ಮಟ್ಟ ಹೇಳಬಹುದು, ದಾಖಲೆ ಇದೆ. ತಿರುಗಿಸಿ ಕೇಳಿ: 110 ಅಡಿ ಇದ್ದದ್ದು ಯಾವತ್ತು? ಜೂನ್ ಜುಲೈನಲ್ಲಿ ತುಂಬುವಾಗ ಒಮ್ಮೆ 110 ದಾಟಿರುತ್ತದೆ, ಬೇಸಿಗೆಯ ಕಡೆಗೆ ಇಳಿಯುವಾಗ ಇನ್ನೊಮ್ಮೆ. ಉತ್ತರ ಒಂದಲ್ಲ. ಮಟ್ಟವು ದಿನಾಂಕದ ಫಲನ, ದಿನಾಂಕ ಮಟ್ಟದ ಫಲನವಲ್ಲ. ಆದರೆ ಮಟ್ಟ ಮತ್ತು ಸಂಗ್ರಹದ ಸಂಬಂಧವನ್ನು ತಿರುಗಿಸಿದರೆ ತೊಂದರೆಯಿಲ್ಲ, ಏಕೆಂದರೆ ಮಟ್ಟ ಏರಿದಂತೆಲ್ಲ ಸಂಗ್ರಹ ಹೆಚ್ಚುತ್ತಲೇ ಹೋಗುತ್ತದೆ. ಇಷ್ಟು ಟಿಎಂಸಿ ಎಂದರೆ ಇಷ್ಟೇ ಅಡಿ. ಹೀಗೆ ತಿರುಗಿಸಿದಾಗ ಸಿಗುವುದು ವಿಲೋಮ ಫಲನ. ಹಗಲಿನ ಆಟೊ ಬಾಡಿಗೆಯನ್ನು ತಿರುಗಿಸಿ ನೋಡಿ. 90 ರೂಪಾಯಿ ಕೊಟ್ಟವರು ಐದು ಕಿಲೋಮೀಟರ್ ಹೋಗಿದ್ದಾರೆ ಎಂದು ಹೇಳಬಹುದು. 36 ಕೊಟ್ಟವರು ಅರ್ಧ ಕಿಲೋಮೀಟರ್ ಹೋದರೋ ಒಂದೂವರೆಯೋ ಹೇಳಲಾಗದು. ನಕ್ಷೆ ಸಮತಟ್ಟಾದ ಕಡೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಜ್ವರದ ಥರ್ಮಾಮೀಟರಿನಲ್ಲಿ ಇಂಥ ಕಷ್ಟವಿಲ್ಲ: ಸೆಲ್ಸಿಯಸ್ಸನ್ನು 1.8ರಿಂದ ಗುಣಿಸಿ 32 ಕೂಡಿದರೆ ಫ್ಯಾರನ್‌ಹೀಟ್, 32 ಕಳೆದು 1.8ರಿಂದ ಭಾಗಿಸಿದರೆ ವಾಪಸ್ ಸೆಲ್ಸಿಯಸ್. 37 ಸೆಲ್ಸಿಯಸ್ ಎಂದರೆ 98.6 ಫ್ಯಾರನ್‌ಹೀಟ್, 102 ಫ್ಯಾರನ್‌ಹೀಟ್ ಎಂದರೆ ಹತ್ತಿರ ಹತ್ತಿರ 38.9 ಸೆಲ್ಸಿಯಸ್.

ಪತ್ರಿಕೆಯ ಆ ಚೌಕಟ್ಟಿನ ಕೊನೆಯ ಎರಡು ಅಂಕಿಗಳಾದ ಒಳಹರಿವು, ಹೊರಹರಿವುಗಳನ್ನೂ ಬಿಡಬೇಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಭಾಗಿಸಿದರೆ, 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಒಳಹರಿವು 30,000, ಹೊರಹರಿವು 5,000 ಕ್ಯೂಸೆಕ್ ಇದ್ದ ದಿನ ಜಲಾಶಯದಲ್ಲಿ ಉಳಿಯುವುದು 25,000ದ ಲೆಕ್ಕದಲ್ಲಿ 2.16 ಟಿಎಂಸಿ. ಆವಿಯಾಗುವುದು, ಇಂಗುವುದು ಬೇರೆ. ಮಟ್ಟ 120 ಅಡಿಯ ಆಸುಪಾಸಿನಲ್ಲಿದ್ದರೆ ಇಷ್ಟು ನೀರಿಗೆ ಎರಡಡಿಯೂ ಏರಲಾರದು. ಇದೇ ನೀರು 80 ಅಡಿಯಲ್ಲಿದ್ದಾಗ ಬಂದಿದ್ದರೆ ಇದಕ್ಕಿಂತ ಬಹಳ ಹೆಚ್ಚು ಏರುತ್ತಿತ್ತು. ಫಲನದ ಬೆಲೆ ಎಷ್ಟು ಎಂಬುದರಷ್ಟೇ ಅದು ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂಬುದೂ ಮುಖ್ಯ ಎನ್ನುವುದು ಇಲ್ಲಿ ಕಾಣುತ್ತದೆ. ಎರಡನೇ ಪಿಯುಸಿಯ ಅವಕಲನ ಹುಡುಕುವುದು ಇದನ್ನೇ.

ಬದಲಾಗುವ ವೇಗದ ಮಾತು ಬಂದದ್ದರಿಂದ ಆದಾಯ ತೆರಿಗೆಯ ಒಂದು ಭಯವನ್ನು ಕಳೆಯಬೇಕು. ಸ್ಲ್ಯಾಬ್ ದಾಟಿದರೆ ಇಡೀ ಸಂಬಳಕ್ಕೆ ಮೇಲಿನ ದರ ಬೀಳುತ್ತದೆ, ಹಾಗಾಗಿ ಇನ್‌ಕ್ರಿಮೆಂಟ್ ಬಂದರೆ ಕೈಗೆ ಸಿಗುವುದೇ ಕಡಿಮೆಯಾಗುತ್ತದೆ ಎಂದು ನಂಬಿದವರನ್ನು ಸ್ಟಾಫ್ ರೂಮಿನಲ್ಲೂ ಕಂಡಿದ್ದೇನೆ. 2025–26ನೇ ಹಣಕಾಸು ವರ್ಷದ ಹೊಸ ಪದ್ಧತಿ ತೆಗೆದುಕೊಳ್ಳಿ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, 4ರಿಂದ 8ರವರೆಗಿನ ಭಾಗಕ್ಕೆ ಶೇ. 5, 8ರಿಂದ 12ರವರೆಗೆ ಶೇ. 10, 12ರಿಂದ 16ರವರೆಗೆ ಶೇ. 15, ಅಲ್ಲಿಂದ 20ರವರೆಗೆ ಶೇ. 20. ತೆರಿಗೆಗೆ ಒಳಪಡುವ ಆದಾಯ 16 ಲಕ್ಷವಾದರೆ 20 ಸಾವಿರ, 40 ಸಾವಿರ, 60 ಸಾವಿರ ಸೇರಿ 1,20,000 ರೂಪಾಯಿ. ಸೆಸ್ ಇದರ ಮೇಲೆ. ಆದಾಯ ಇನ್ನೊಂದು ಸಾವಿರ ಹೆಚ್ಚಾದರೆ ಶೇ. 20 ಬೀಳುವುದು ಆ ಒಂದು ಸಾವಿರಕ್ಕೆ ಮಾತ್ರ, ಅಂದರೆ 200 ರೂಪಾಯಿ. ಸ್ಲ್ಯಾಬಿನ ಗಡಿಯಲ್ಲಿ ನಕ್ಷೆಯ ಇಳಿಜಾರು ಬದಲಾಗುತ್ತದೆ, ನಕ್ಷೆ ಜಿಗಿಯುವುದಿಲ್ಲ.

ಜಿಗಿಯುವ ಅಪಾಯ ಇದ್ದದ್ದು 12 ಲಕ್ಷದ ಹತ್ತಿರ. ಅಲ್ಲಿಯವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಒಂದು ರೂಪಾಯಿ ದಾಟಿದರೂ ಸ್ಲ್ಯಾಬಿನ ಲೆಕ್ಕದಲ್ಲಿ 60 ಸಾವಿರ ಬಂದು ಬೀಳಬೇಕಿತ್ತು. ಕಾನೂನು ಬರೆದವರಿಗೆ ಇದು ಗೊತ್ತಿದ್ದ ಕಾರಣ, 12 ಲಕ್ಷಕ್ಕಿಂತ ಎಷ್ಟು ಹೆಚ್ಚು ದುಡಿದಿದ್ದೀರೋ ತೆರಿಗೆ ಅದಕ್ಕಿಂತ ಹೆಚ್ಚಾಗಕೂಡದು ಎಂಬ ಇನ್ನೊಂದು ರಿಯಾಯಿತಿ ಸೇರಿಸಿದ್ದಾರೆ. ಆದಾಯ 12,10,000 ಆದರೆ ಸ್ಲ್ಯಾಬಿನ ತೆರಿಗೆ 61,500, ಕಟ್ಟಬೇಕಾದದ್ದು 10,000. ಸುಮಾರು 12,70,588 ರೂಪಾಯಿವರೆಗೆ ಈ ರಿಯಾಯಿತಿ ನಡೆಯುತ್ತದೆ. ಗೆರೆ ಎಲ್ಲೂ ಕಡಿಯದಂತೆ ಜೋಡಿಸಿದ್ದಾರೆ ನಿಜ, ಆದರೆ ಆ ಎಪ್ಪತ್ತು ಸಾವಿರದ ಉದ್ದಕ್ಕೂ ದುಡಿದ ಪ್ರತಿ ಹೆಚ್ಚುವರಿ ರೂಪಾಯಿಯೂ ಪೂರ್ತಿಯಾಗಿ ತೆರಿಗೆಗೇ ಹೋಗುತ್ತದೆ. ಇಂಥ ಸೂಕ್ಷ್ಮ ಭಾಷಣ ಕೇಳಿ ತಿಳಿಯುವಂಥದ್ದಲ್ಲ, ನಕ್ಷೆ ಎಳೆದರೆ ತಿಳಿಯುತ್ತದೆ.

ಕೊನೆಯದಾಗಿ ಸಾಲದ ವಿಷಯ. ಊರುಗಳಲ್ಲಿ ಬಡ್ಡಿಯನ್ನು 'ನೂರಕ್ಕೆ ಎರಡು' ಎಂದು ಮಾತಾಡುತ್ತಾರೆ, ಅಂದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಹತ್ತು ಸಾವಿರ ಸಾಲ ತಂದು ನಡುವೆ ಏನೂ ಕಟ್ಟಲಿಲ್ಲ ಎಂದುಕೊಳ್ಳಿ. ಸರಳ ಬಡ್ಡಿಯಾದರೆ ತಿಂಗಳಿಗೆ 200ರಂತೆ ಏರುತ್ತದೆ: ಮೂರು ವರ್ಷಕ್ಕೆ 17,200, ಆರಕ್ಕೆ 24,400, ಒಂಬತ್ತಕ್ಕೆ 31,600. ಬಡ್ಡಿಯನ್ನು ಪ್ರತಿ ತಿಂಗಳೂ ಅಸಲಿಗೆ ಸೇರಿಸುವ ಚಕ್ರಬಡ್ಡಿಯಾದರೆ ಪ್ರತಿ ತಿಂಗಳೂ ಬಾಕಿಯನ್ನು 1.02ರಿಂದ ಗುಣಿಸಬೇಕು: ಮೂರು ವರ್ಷಕ್ಕೆ 20,399, ಆರಕ್ಕೆ 41,611, ಒಂಬತ್ತಕ್ಕೆ 84,883. ಮೊದಲ ತಿಂಗಳು ಎರಡೂ ಒಂದೇ, 10,200. ಎರಡನೇ ತಿಂಗಳಿಗೆ ವ್ಯತ್ಯಾಸ ನಾಲ್ಕೇ ರೂಪಾಯಿ. ಹೇಳಿದ ದರ ಎರಡರಲ್ಲೂ 'ನೂರಕ್ಕೆ ಎರಡು' ಎಂಬುದೇ. ಬೇರೆಯಾಗಿರುವುದು ಫಲನ. ಒಂದು ಪ್ರತಿ ತಿಂಗಳೂ ಅಷ್ಟೇ ಕೂಡುತ್ತದೆ, ಇನ್ನೊಂದು ಪ್ರತಿ ತಿಂಗಳೂ ಅಷ್ಟೇ ಪಟ್ಟು ಮಾಡುತ್ತದೆ. ಸರಳ ಬಡ್ಡಿಯಲ್ಲಿ ಸಾಲ ಇಮ್ಮಡಿಯಾಗಲು 50 ತಿಂಗಳು ಬೇಕು, ಮುಮ್ಮಡಿಯಾಗಲು 100. ಚಕ್ರಬಡ್ಡಿಯಲ್ಲಿ 35 ತಿಂಗಳಿಗೆ ಹೆಚ್ಚು ಕಡಿಮೆ ಎರಡರಷ್ಟು, 70ಕ್ಕೆ ನಾಲ್ಕರಷ್ಟು, 105ಕ್ಕೆ ಎಂಟರಷ್ಟು.

ಇದೇ ಲೆಕ್ಕವನ್ನು ನೂರಕ್ಕೆ ಮೂರರ ಬಡ್ಡಿಗೆ ನೀವೇ ಮಾಡಿ ನೋಡಿ. ಕ್ಯಾಲ್ಕುಲೇಟರಿನಲ್ಲಿ 1.03 ಒತ್ತಿ, ಅದನ್ನು 1.03ರಿಂದ ಗುಣಿಸುತ್ತ ಹೋಗಿ, ಬೆಲೆ 2 ದಾಟುವವರೆಗೆ ತಿಂಗಳುಗಳನ್ನು ಎಣಿಸಿ. ಎರಡು ವರ್ಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.